ಪಕ್ಕದ ಕೋಶದ ಮಾತು

ಬದಿಯಡ್ಕ ಕಡೆಯ ಕನ್ನಡ ಶಾಲೆಯ ಟೀಚರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಜೀಬ್ರಾ ಮೀನಿನ ಲೇಖನವನ್ನು ಒಂಬತ್ತನೇ ತರಗತಿಯಲ್ಲಿ ಓದಿಸಿದೆ. ಒಬ್ಬಳು ಹುಡುಗಿ ಕೇಳಿದಳು: ಭ್ರೂಣದ ಎಲ್ಲ ಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು ಅಲ್ವಾ? ಮತ್ತೆ ಒಂದು ಚರ್ಮ, ಇನ್ನೊಂದು ಮಿದುಳು ಆಗುವುದು ಹೇಗೆ?"

ಟೀಚರ್, ಮೊದಲು ಆ ಹುಡುಗಿಗೆ ನಮ್ಮ ಶಾಬಾಸ್ ಹೇಳಿ. ಇದು ಸಣ್ಣ ಪ್ರಶ್ನೆಯಲ್ಲ. 1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಹಿಲ್ಡೆ ಮಾಂಗೋಲ್ಡ್ ಒಂದು ಪ್ರಯೋಗ ಪ್ರಕಟಿಸಿದರು. ನ್ಯೂಟ್ ಎಂಬ, ಕಪ್ಪೆಯ ದೂರದ ನೆಂಟನ ಭ್ರೂಣದಿಂದ ಒಂದು ಚೂರು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಬದಿಗೆ ಕೂರಿಸಿದ್ದರು. ಅಲ್ಲಿ ಎರಡನೇ ನರಮಂಡಲ ಬೆಳೆಯಿತು. ಅದೂ ಹೆಚ್ಚಾಗಿ ಅಲ್ಲೇ ಇದ್ದ, ಚರ್ಮವಾಗಬೇಕಿದ್ದ ಕೋಶಗಳಿಂದ! ಅಂದರೆ ಕೋಶ ಏನಾಗುತ್ತದೆ ಅನ್ನುವುದರಲ್ಲಿ ನೆರೆಕರೆಯ ಪಾಲು ದೊಡ್ಡದು.

ಜೀಬ್ರಾ ಮೀನಿನಲ್ಲೂ ಹಾಗೆಯೇ. ಬಿಎಂಪಿ ಎಂಬ ಪ್ರೋಟೀನ್ ಕೋಶಗಳಿಗೆ "ಚರ್ಮವಾಗು" ಅನ್ನುತ್ತದೆ. ಬೆನ್ನಿನ ಬದಿಯ ಕೋಶಗಳು ಕಾರ್ಡಿನ್ ಎಂಬ ಇನ್ನೊಂದು ಪ್ರೋಟೀನ್ ಬಿಟ್ಟು ಬಿಎಂಪಿಯನ್ನು ಹಿಡಿದಿಡುತ್ತವೆ. ಆ ಮಾತು ತಲುಪದ ಕಡೆ ನರಮಂಡಲ ಶುರುವಾಗುತ್ತದೆ. ಬೇರೆ ಸೂಚನೆಗಳೂ ಸೇರುತ್ತವೆ, ಆದರೆ ಮುಖ್ಯವಾದದ್ದು ಇದು. ಕಾರ್ಡಿನ್ ಜೀನ್ ಕೆಟ್ಟರೆ ನರದ ಭಾಗ ಕುಗ್ಗುತ್ತದೆ. ಬಿಎಂಪಿ ಜೀನ್ ಕೆಟ್ಟರೆ ನರದ ಭಾಗ ಹೊಟ್ಟೆಯ ಕಡೆಗೂ ಹರಡುತ್ತದೆ.

ನನಗೆ ಜಾಸ್ತಿ ಇಷ್ಟ ಇದರ ಮುಂದಿನ ಹಂತ. ನರಕೋಶವಾಗಲು ಹೊರಟ ಕೋಶದ ಮೈಮೇಲೆ ಡೆಲ್ಟಾ ಪ್ರೋಟೀನ್ ಇರುತ್ತದೆ. ಅದು ಪಕ್ಕದ ಕೋಶದ ನಾಚ್ ಪ್ರೋಟೀನನ್ನು ತಾಗಿ "ನೀನು ಈಗಲೇ ಬೇಡ, ಸ್ವಲ್ಪ ಕಾಯಿ" ಅನ್ನುತ್ತದೆ. ಡೆಲ್ಟಾದ ಈ ಮಾತು ನಡೆಯಲು ಮೈಂಡ್ ಬಾಂಬ್ ಎಂಬ ಜೀನ್ ಬೇಕು. ಅದು ಕೆಟ್ಟ ಮೀನಿನಲ್ಲಿ ಈ ತಡೆ ಇಲ್ಲ. ಕೋಶಗಳೆಲ್ಲ ಆತುರಬಿದ್ದು ನರಕೋಶಗಳಾಗುತ್ತವೆ. ಬೀಜಕ್ಕೆ ಇಟ್ಟ ಭತ್ತವನ್ನೂ ಅನ್ನ ಮಾಡಿ ಉಂಡ ಹಾಗೆ! ಮೊದಲ ನರಕೋಶಗಳು ವಿಪರೀತ ಹೆಚ್ಚುತ್ತವೆ, ಆಮೇಲೆ ಹುಟ್ಟಬೇಕಾದ ಬಗೆಗಳಿಗೆ ಕೋಶಗಳೇ ಉಳಿಯುವುದಿಲ್ಲ. ಹಾಗಾಗಿ ಒಂದು ಜೀನನ್ನು ತೋರಿಸಿ "ಮಿದುಳು ಮಾಡುವುದು ಇದೇ" ಅನ್ನಲು ಬರುವುದಿಲ್ಲ.

ಸುಮ್ನೆ ಓದಿಸಿ ಬಿಡಬೇಡಿ, ಮಕ್ಕಳಿಗೆ ತೋರಿಸಿ. ಜೀಬ್ರಾ ಮೀನು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ತೊಟ್ಟಿಯ ತಳದಲ್ಲಿ ಗೋಲಿ ಹರಡಿ. ಇಲ್ಲದಿದ್ದರೆ ಇಟ್ಟ ಮೊಟ್ಟೆಯನ್ನು ಅವೇ ತಿಂದುಬಿಡುತ್ತವೆ. ಬೆಳಕು ಹರಿಯುವಾಗ ಮೊಟ್ಟೆ ಇಡುತ್ತವೆ. ಲ್ಯಾಬುಗಳಲ್ಲಿ 28.5 ಡಿಗ್ರಿ ಬಿಸಿ ಇಡುತ್ತಾರೆ, ನಮ್ಮ ಕಾಸರಗೋಡಿನ ಸೆಕೆಗೆ ಹೀಟರ್ ಯಾಕೆ! ಮೊಟ್ಟೆ ಗಾಜಿನಂತೆ ಪಾರದರ್ಶಕ. ಸುಮಾರು 10 ಗಂಟೆಯಲ್ಲಿ ನರಮಂಡಲದ ಮೊದಲ ಹಾಳೆ ಸಿದ್ಧ. ಮರುದಿನ ಬೆಳಗಾಗುವಾಗ ಮೈಕ್ರೋಸ್ಕೋಪಿನಲ್ಲಿ ಹೃದಯದ ಬಡಿತ ಕಾಣುತ್ತದೆ, ಬಾಲ ಆಗಾಗ ಸುರುಳಿ ಸುತ್ತಿ ಬಿಚ್ಚುತ್ತದೆ. ಆ ಅಲುಗಾಟಕ್ಕೆ ಮಿದುಳಿನ ಅಪ್ಪಣೆ ಬೇಡ, ಬೆನ್ನುಹುರಿಯೇ ಸಾಕು. ಇದನ್ನು ಆ ಹುಡುಗಿಗೆ ತಪ್ಪದೆ ತೋರಿಸಿ.

ಮರಿಗಳನ್ನು ಮಾತ್ರ ಊರ ತೋಡಿಗೆ ಬಿಡಬೇಡಿ. ತೊಟ್ಟಿಯಲ್ಲೇ ಸಾಕಿ.