ಗಾಲ್ಫ್ ಡ್ರೈವರ್ ಬದಲಿಸುವ ಮೊದಲು ನೋಟ್‌ಬುಕ್ ತೆಗೆಯಿರಿ

ಮಗಳ ಗಾಲ್ಫ್ ಅಭ್ಯಾಸದ ಬಗ್ಗೆ ನೀವು ಹಾಕಿದ ಪೋಸ್ಟ್ ಓದುತ್ತಾ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಹದಿಮೂರರ ಮಗಳಿಗೆ ದೊಡ್ಡವರ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಉದ್ದನೆಯ ಕ್ಲಬ್), ಅದಕ್ಕೆ ಸ್ಟಿಫ್ ಶಾಫ್ಟ್, ಅಂದರೆ ಸುಲಭಕ್ಕೆ ಬಾಗದ ಕೋಲು, ಅಭ್ಯಾಸದ ರೇಂಜ್‌ನಲ್ಲಿ ದಿನಕ್ಕೆ ಇನ್ನೂರು ಚೆಂಡು. ಕಾರಣವನ್ನೂ ನೀವೇ ಬರೆದಿದ್ದೀರಿ: ಬೆಂಗಳೂರಿನ ಗಾಲ್ಫರ್ ಅದಿತಿ ಅಶೋಕ್‌ಗೆ ಹೊಡೆತದಲ್ಲಿ ದೂರ ಇಲ್ಲ, ಅದಕ್ಕೇ ಒಲಿಂಪಿಕ್ ಪದಕ ತಪ್ಪಿತು, ನಮ್ಮ ಹುಡುಗಿಗೆ ಹಾಗಾಗಬಾರದು. ಸ್ವಾಮಿ, ಇದೇ ಮಾತನ್ನು ನಾನು 2021ರ ಆಗಸ್ಟ್‌ನಲ್ಲಿ ಟಿವಿ ಮುಂದೆ ನಿಂತು ಹೇಳಿದ್ದೆ. ಆಮೇಲೆ ಅನುಭವಿಸಿದವಳು ನನ್ನ ಮಗಳು.

ಮೊದಲು ಅದಿತಿ ವಿಷಯ ಮುಗಿಸಿಬಿಡುತ್ತೇನೆ. ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ನಡೆದ ಕಸುಮಿಗಸೆಕಿ ಕೋರ್ಸಿನಲ್ಲಿ ನಾಲ್ಕು ದಿನ ಆಕೆ ಹೊಡೆದದ್ದು 67, 66, 68, 68. ಒಟ್ಟು ಹದಿನೈದು ಅಂಡರ್, ಅಂದರೆ ಕೋರ್ಸಿಗೆ ಗೊತ್ತುಮಾಡಿದ ಹೊಡೆತಗಳಿಗಿಂತ (ಪಾರ್) ಹದಿನೈದು ಕಮ್ಮಿ; ಈ ಆಟದಲ್ಲಿ ಹೊಡೆತ ಕಮ್ಮಿಯಾದಷ್ಟೂ ಒಳ್ಳೆಯದು. ಕಂಚು ಗೆದ್ದ ಲಿಡಿಯಾ ಕೋ ಹದಿನಾರು, ಚಿನ್ನ ಗೆದ್ದ ನೆಲ್ಲಿ ಕೊರ್ಡಾ ಹದಿನೇಳು. ಆಗ ಅದಿತಿಯ ವಿಶ್ವ ರ್‍ಯಾಂಕಿಂಗ್ 200, ಅದರ ಮೇಲೆ ಕೋವಿಡ್‌ನಿಂದ ಎದ್ದು ಬಂದು ಕೆಲವೇ ವಾರ. ಮೊದಲ ಹೊಡೆತ ಹೊಡೆಯುವ ಟೀಯಿಂದ ಅದಿತಿಯ ಚೆಂಡು ನೆಲ್ಲಿಯ ಚೆಂಡಿಗಿಂತ ಎಷ್ಟೋ ಹಿಂದೆ ಬೀಳುತ್ತಿತ್ತು. ನೆಲ್ಲಿ ಹತ್ತಿರದ ಹೊಡೆತದ ಸಣ್ಣ ಐರನ್ ಕ್ಲಬ್ ತೆಗೆಯುವ ಕಡೆ ಈಕೆ ದೂರದ ಹೊಡೆತದ ಹೈಬ್ರಿಡ್ ತೆಗೆಯಬೇಕು. ಆರೂವರೆ ಸಾವಿರ ಯಾರ್ಡ್ ಮೀರಿದ ಕೋರ್ಸಿನಲ್ಲಿ ಹಾಗೆ ಆಡಿ ವಿಶ್ವದ ಒಂದನೇ ಆಟಗಾರ್ತಿಗಿಂತ ಎರಡೇ ಹೊಡೆತ ಹಿಂದೆ ಉಳಿಯುವುದೆಂದರೆ, ಆ ಬ್ಯಾಗಿನಲ್ಲಿ ಬೇರೆ ಏನೋ ಇದೆ ಎಂದೇ ಅರ್ಥ. ನಾವಿಬ್ಬರೂ ನೋಡಿದ್ದು ಇಲ್ಲದ್ದನ್ನು ಮಾತ್ರ.

ಆಮೇಲೆ ಹಾಂಗ್‌ಝೌ, 2023ರ ಏಷ್ಯನ್ ಗೇಮ್ಸ್. ಮೂರನೇ ದಿನ 61 ಹೊಡೆದು ಏಳು ಹೊಡೆತಗಳ ಮುನ್ನಡೆ. ಕೊನೆಯ ದಿನ 77: ಒಂದೇ ಬರ್ಡಿ (ಪಾರ್‌ಗಿಂತ ಒಂದು ಕಮ್ಮಿ), ನಾಲ್ಕು ಬೋಗಿ (ಒಂದು ಹೆಚ್ಚು), ಒಂದು ಡಬಲ್ ಬೋಗಿ (ಎರಡು ಹೆಚ್ಚು). ಚಿನ್ನ ಥಾಯ್ಲೆಂಡಿನ ಆರ್ಪಿಚಯಾ ಯುಬೋಲ್ ಪಾಲಾಯಿತು. ಬೆಳ್ಳಿಯೂ ನಮ್ಮ ಮಹಿಳಾ ಗಾಲ್ಫ್‌ಗೆ ಮೊದಲ ಏಷ್ಯನ್ ಗೇಮ್ಸ್ ಪದಕವೇ, ಆ ಮಾತು ಬೇರೆ. ಈಗ ಹೇಳಿ, ಅದೇ ಕೋರ್ಸ್, ಅದೇ ಡ್ರೈವರ್. ಒಂದು ರಾತ್ರಿಯಲ್ಲಿ ಹದಿನಾರು ಹೊಡೆತದಷ್ಟು ದೂರ ಕಮ್ಮಿಯಾಯಿತೇ?

ನನ್ನ ಕಥೆ ಹೀಗೆ. ಟೋಕಿಯೊ ಮುಗಿದ ತಿಂಗಳಲ್ಲೇ ನಲವತ್ತೈದೂವರೆ ಇಂಚಿನ ಗಂಡಸರ ಡ್ರೈವರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಮೂರು ತಿಂಗಳಲ್ಲಿ ಮಗಳ ಹೊಡೆತಕ್ಕೆ ಹದಿನೈದು ಯಾರ್ಡ್ ದೂರ ಹೆಚ್ಚಿಗೆ ಬಂತು, ನಿಜ. ಬಂದದ್ದೆಲ್ಲ ಬಲಕ್ಕೆ, ಮರಗಳ ಕಡೆಗೆ. ಭಾರದ ಕ್ಲಬ್ಬನ್ನು ಎಳೆದು ತರಲು ಅವಳು ಬಲ ಭುಜ ಎಸೆಯಲು ಶುರುಮಾಡಿದಳು, ಆ ಚಾಳಿ ಐರನ್‌ಗಳಿಗೂ ಅಂಟಿತು. ಆಗಿನ ಕೋಚ್ ಬೇಡ ಎನ್ನಲಿಲ್ಲ, ನಾನು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಡಿಸೆಂಬರ್ ಹೊತ್ತಿಗೆ ಎಡ ಮಣಿಕಟ್ಟು ಊದಿತು. ಆರು ವಾರ ಆಟ ಬಂದ್. 82ರ ಆಸುಪಾಸಿನಲ್ಲಿದ್ದ ಸ್ಕೋರು ಮರಳಿ ಬಂದಾಗ 91. ಇದಕ್ಕಿಂತ ಕೆಟ್ಟದ್ದೆಂದರೆ ಹತ್ತಿರದ ಸಣ್ಣ ಹೊಡೆತ ಅಭ್ಯಾಸ ಮಾಡುವ ಚಿಪ್ಪಿಂಗ್ ಗ್ರೀನ್ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಳು. "ಅಪ್ಪನಿಗೆ ಡ್ರೈವರ್ ಮಾತ್ರ ಬೇಕು" ಎಂದು ಅವರಮ್ಮನ ಹತ್ತಿರ ಹೇಳಿದಳಂತೆ.

ನಮ್ಮನ್ನು ಮೇಲೆತ್ತಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ಮೊದಲ ಹೊಡೆತಕ್ಕೆ ಫೇರ್‌ವೇ (ನಡುವಿನ ಕತ್ತರಿಸಿದ ಹುಲ್ಲಿನ ದಾರಿ) ಸಿಕ್ಕಿತೋ ಇಲ್ಲವೋ ಬರೆಯಲೇಬೇಡಿ. ಪ್ರತಿ ಹೋಲ್‌ನಲ್ಲಿ ಚೆಂಡು ನೂರು ಯಾರ್ಡ್ ಒಳಗೆ ಬಂದ ಮೇಲೆ ಎಷ್ಟು ಹೊಡೆತ, ಹೋಲ್ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲೆ ಉರುಳಿಸುವ ಮೊದಲ ಪಟ್ ಎಷ್ಟು ಹೆಜ್ಜೆಯಿಂದ, ಅದು ಹೋಲ್‌ಗೆ ಎಷ್ಟು ದೂರ ಉಳಿಯಿತು, ಇಷ್ಟೇ. ಬರೆಯುವವಳು ಮಗಳು, ನೀವಲ್ಲ. ರೌಂಡ್ ಮುಗಿದ ಮೇಲೆ ಬರೆಯಲಿ. ಆಟದ ನಡುವೆ ಬೇಡ, ಲೆಕ್ಕ ತಲೆಗೆ ಹತ್ತುತ್ತದೆ. ಹತ್ತು ರೌಂಡ್ ಆದ ಮೇಲೆ ನಮಗೆ ಕಂಡದ್ದು: ರೌಂಡಿಗೆ ಐದು ಮೂರು-ಪಟ್, ಅಂದರೆ ಗ್ರೀನ್ ಮೇಲೆಯೇ ಮೂರು ಹೊಡೆತ ತಿಂದ ಐದು ಹೋಲ್! ಡ್ರೈವರ್‌ನಿಂದ ಹೋಗುತ್ತಿದ್ದದ್ದು ಒಂದೋ ಎರಡೋ ಹೊಡೆತ. ನಾನು ಮೂರು ತಿಂಗಳು ದುರಸ್ತಿ ಮಾಡಿದ್ದು ಸೋರದ ಸೂರನ್ನು.

ಆಮೇಲೆ ಅವಳ ಅಜ್ಜಿ ಬಟ್ಟೆ ಒಣಗಿಸುವ ನೈಲಾನ್ ಹಗ್ಗದಲ್ಲಿ ಒಂದು ತುಂಡು ಕತ್ತರಿಸಿ, ಹೋಲ್ ಸುತ್ತ ಪಟರ್ (ಪಟ್ ಹೊಡೆಯುವ ಕ್ಲಬ್) ಉದ್ದದ ಅಳತೆಗೆ ಉಂಗುರ ಹಾಕಿದೆವು. ಹತ್ತು, ಹದಿನೈದು, ಇಪ್ಪತ್ತು ಹೆಜ್ಜೆಯಿಂದ ಮೂರು ಮೂರು ಚೆಂಡು. ಒಂಬತ್ತರಲ್ಲಿ ಏಳು ಉಂಗುರದೊಳಗೆ ನಿಲ್ಲಬೇಕು. ನಂತರ ಗ್ರೀನ್ ಸುತ್ತ ಒಂಬತ್ತು ಜಾಗ, ಪ್ರತಿ ಜಾಗಕ್ಕೂ ಒಂದೇ ಚೆಂಡು, ಚಿಪ್ ಮಾಡಿ ಪಟ್ ಮುಗಿಸಬೇಕು. ಒಟ್ಟು ಹದಿನೆಂಟು ಹೊಡೆತ ಬಂದರೆ ಪಾರ್, ಇಪ್ಪತ್ತೆರಡರೊಳಗೆ ಬಂದರೆ ಮನೆಗೆ. ಮೊದಲ ವಾರ ಇಪ್ಪತ್ತೇಳು, ಇಪ್ಪತ್ತೆಂಟು. ಕತ್ತಲಾಗಿ ಮಾಲಿ ಬಂದು ಕಳಿಸಿದ್ದೂ ಉಂಟು. ಗ್ರೀನ್‌ಗೆ ಹೊಸದಾಗಿ ಮರಳು ಹಾಕಿದ ವಾರ ಈ ಲೆಕ್ಕ ಬೇಡ, ಮಳೆಗಾಲದ ಒದ್ದೆ ಗ್ರೀನ್‌ನಲ್ಲೂ ಬೇಡ. ಸುಮ್ಮನೆ ಮನಸ್ಸು ಕೆಡುತ್ತದೆ. ಮಗು ಅಳುವ ಹಾಗಿದ್ದರೆ ಇಪ್ಪತ್ತೈದಕ್ಕೇ ಬಿಟ್ಟುಬಿಡಿ, ನಾನು ಬಿಟ್ಟಿರಲಿಲ್ಲ.

ದೂರವೇ ಬೇಡ ಎಂದು ನಾನು ಹೇಳುತ್ತಿಲ್ಲ, ಹಾಗೆ ಹಿಡಿದುಕೊಳ್ಳಬೇಡಿ. ಅದಿತಿಯೇ ಅದರ ಮೇಲೆ ಕೆಲಸ ಮಾಡಿದ್ದಾರೆ. 2023ರಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದ ಗೆಲುವು, ಲಾಸ್ ಏಂಜಲೀಸ್‌ನ ವಿಲ್‌ಷೈರ್ ಕೋರ್ಸಿನಲ್ಲಿ ಪ್ಲೇಆಫ್ (ಸಮ ಬಂದವರ ನಡುವಿನ ನಿರ್ಣಾಯಕ ಆಟ) ವರೆಗೆ ಹೋಗಿ ಹ್ಯಾನಾ ಗ್ರೀನ್ ಎದುರು ಸೋಲು, ವರ್ಷದ ಕೊನೆಗೆ ಸ್ಪೇನ್‌ನಲ್ಲಿ ಗೆಲುವು. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಅದು ಐದನೆಯದು. ಆದರೆ ಅವರು ಹಾಗೆ ಮಾಡಿದ್ದು ಮೈ ಬಲಿತ ಮೇಲೆ, ಪಟರ್ ಕೈಯಲ್ಲಿ ಕೂತ ಮೇಲೆ. ಹದಿಮೂರಕ್ಕೆ ಸ್ಕಿಪ್ಪಿಂಗ್, ಓಟ, ಈಜು ಸಾಕು. ಅಮೆರಿಕದ ಮಹಿಳಾ ಟೂರ್ ಎಲ್‌ಪಿಜಿಎಯಲ್ಲಿ ಅದಿತಿಗೆ ಗೆಲುವು ಬಾಕಿ ಇದೆಯಲ್ಲ ಎಂದು ನೀವು ಕೇಳುತ್ತೀರಿ, ಗೊತ್ತು. ವಿಲ್‌ಷೈರ್‌ನಂಥ ಇಕ್ಕಟ್ಟಾದ, ಉದ್ದ ಕಮ್ಮಿಯಿರುವ ಕೋರ್ಸಿನಲ್ಲಿ ಅದು ಬಂದೀತು ಎಂಬುದು ನನ್ನ ಲೆಕ್ಕ. ಮಳೆ ಕುಡಿದು ಚೆಂಡು ಉರುಳದ ಉದ್ದನೆಯ ಕೋರ್ಸಿನಲ್ಲಿ ಕಟ್ ದಾಟಿ ಕೊನೆಯ ಸುತ್ತುಗಳಿಗೆ ಉಳಿದರೂ ದೊಡ್ಡದು. ನನಗೆ ಚಿಂತೆ ಇರುವುದು ಮುನ್ನಡೆ ಹಿಡಿದ ಕೊನೆಯ ದಿನದ್ದು. ಆ ರೋಗಕ್ಕೆ ಶಾಫ್ಟ್‌ನಲ್ಲಿ ಮದ್ದಿಲ್ಲ. ಹಾಂಗ್‌ಝೌ ತಂಡದಲ್ಲಿದ್ದ ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್ ಇಬ್ಬರನ್ನೂ ನೋಡುವಾಗ ಡ್ರೈವ್ ಆದ ತಕ್ಷಣ ಚಾನೆಲ್ ಬದಲಿಸಬೇಡಿ, ಗ್ರೀನ್ ಸುತ್ತ ಏನು ಮಾಡುತ್ತಾರೆ ನೋಡಿ.

ಕ್ಲಬ್ ವಿಷಯ. ಯು.ಎಸ್. ಕಿಡ್ಸ್ ಕಂಪನಿಯ ಮಕ್ಕಳ ಕ್ಲಬ್ ಸೆಟ್‌ಗಳನ್ನು ಎತ್ತರಕ್ಕೆ ತಕ್ಕಂತೆ ಮಾಡುತ್ತಾರೆ, ನನ್ನ ಮಟ್ಟಿಗೆ ಕೊಟ್ಟ ಕಾಸಿಗೆ ಮೋಸವಿಲ್ಲ. ವಯಸ್ಸು ನೋಡಿ ಕೊಳ್ಳಬೇಡಿ, ಅಳೆದು ಕೊಳ್ಳಿ. ಚೆಂಡಿನ ವಿಷಯದಲ್ಲಿ ಈಗಲೇ ಪ್ರೋ ವಿ1 ತಂದರೆ ದುಡ್ಡು ದಂಡ. ಸ್ರಿಕ್ಸನ್ ಸಾಫ್ಟ್ ಫೀಲ್ ಸಾಕು. ಯಾವುದನ್ನೇ ತಂದರೂ ಅಭ್ಯಾಸಕ್ಕೂ ಪಂದ್ಯಕ್ಕೂ ಅದೇ ಇರಲಿ. ಇನ್ನೊಂದು: ಬೆಂಗಳೂರು ಒಂಬೈನೂರು ಮೀಟರ್ ಎತ್ತರದಲ್ಲಿದೆ, ಇಲ್ಲಿ ಚೆಂಡು ಸ್ವಲ್ಪ ಹೆಚ್ಚೇ ಹಾರುತ್ತದೆ. ಜೂನಿಯರ್ ಪಂದ್ಯಕ್ಕೆ ಸಮುದ್ರಮಟ್ಟದ ಚೆನ್ನೈಗೆ ಹೋದಾಗ ಹೊಡೆತಗಳು ಅರ್ಧ ಕ್ಲಬ್‌ನಷ್ಟು ದೂರ ಕಮ್ಮಿ ಬಿದ್ದು, ಎಲ್ಲ ಗ್ರೀನ್ ಮುಂದಿನ ಮರಳಿನ ಬಂಕರ್‌ನಲ್ಲೇ ನಾವು ದಿನ ಕಳೆದೆವು. ಮೊದಲೇ ಲೆಕ್ಕ ಹಾಕಿ.

ಪಂದ್ಯದಲ್ಲಿ ಮಗಳ ಬ್ಯಾಗ್ ಹೊರುವವರು ನೀವೇ ಎಂದಿದ್ದೀರಿ. ಒಳ್ಳೆಯದೇ. ಅದಿತಿಗೆ ರಿಯೋ ಒಲಿಂಪಿಕ್ಸ್‌ನಲ್ಲಿ ಅಪ್ಪ, ಟೋಕಿಯೊದಲ್ಲಿ ಅಮ್ಮ ಹೊತ್ತಿದ್ದರು. ಆದರೆ ಹೊರುವುದೇ ಬೇರೆ, ಪಾಠ ಮಾಡುವುದೇ ಬೇರೆ. ಕೆಟ್ಟ ಹೊಡೆತ ಆದ ಮೇಲೆ ನಲವತ್ತು ಹೆಜ್ಜೆ ಬಾಯಿ ಮುಚ್ಚಿಕೊಂಡು ನಡೆಯಿರಿ. ನಾನು ಎಣಿಸುತ್ತಿದ್ದೆ.

ಹತ್ತು ರೌಂಡ್‌ಗಳ ಪುಟಗಳ ಫೋಟೋ ಇಲ್ಲಿ ಹಾಕಿ, ಆಮೇಲೆ ಡ್ರೈವರ್ ಮಾತಾಡೋಣ. ಆ ಸ್ಟಿಫ್ ಶಾಫ್ಟಿನ ಡ್ರೈವರ್ ಮಾರುವುದಾದರೆ ಮೊದಲು ನನಗೆ ಹೇಳಿ, ನನ್ನ ಭಾವಮೈದುನ ಒಂದನ್ನು ಹುಡುಕುತ್ತಿದ್ದಾನೆ. ಅವನಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.