ಬೆಟ್ಟ ಹತ್ತಿದಿರಿ ಸರಿ, ಕೆರೆ ನೋಡಿದಿರಾ?

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ತಂಗಿ ಮಕ್ಕಳು ಬರುತ್ತಾರೆ. ಒಂದು ಬೆಳಗ್ಗೆ ಯಾವುದಾದರೂ ಬೆಟ್ಟಕ್ಕೆ ಹೋಗೋಣ ಅಂತ ಆಸೆ. ಅಮ್ಮನಿಗೆ ಅರವತ್ತೆಂಟು, ಮಂಡಿನೋವು ಇದೆ, ಆದರೂ ನಾನೂ ಬರುತ್ತೇನೆ ಅಂತ ಹಟ. ನಂದಿಬೆಟ್ಟ ಬೇಡ, ಆ ಗಾಡಿಗಳ ಸಾಲು ನೋಡಿದರೇ ಸುಸ್ತು. ಜಾಸ್ತಿ ಹತ್ತುವುದಿರಬಾರದು, ಮೇಲಿಂದ ಕೆರೆ ಕಾಣಬೇಕು, ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕು.
– ಓದುಗರೊಬ್ಬರು, ತುಮಕೂರು

ತುಮಕೂರಲ್ಲಿದ್ದುಕೊಂಡು ಇದನ್ನು ಕೇಳುತ್ತಿದ್ದೀರಲ್ಲ! ಬಸದಿ ಬೆಟ್ಟಕ್ಕೆ ಹೋಗಿ. ಮಂದರಗಿರಿ ಅಂತಲೂ ಅನ್ನುತ್ತಾರೆ. ಪಂಡಿತನಹಳ್ಳಿ ಹತ್ತಿರ, ಊರಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೆ. ಬುಡದಲ್ಲಿ ನವಿಲುಗರಿಯ ಕುಂಚದ ಆಕಾರದ ಎತ್ತರದ ಗುರುಮಂದಿರ ಇದೆ, ಜೈನ ಮುನಿಗಳು ಕೈಯಲ್ಲಿ ಹಿಡಿಯುತ್ತಾರಲ್ಲ, ಆ ಪಿಂಛಿ. ಮಕ್ಕಳು ಅಲ್ಲೇ ಅರ್ಧ ಗಂಟೆ ಕಳೆದುಬಿಡುತ್ತಾರೆ, ಹುಷಾರು.

ಮೆಟ್ಟಿಲು 400ಕ್ಕೂ ಜಾಸ್ತಿ. ಸಂಖ್ಯೆ ಕೇಳಿ ಹೆದರಬೇಡಿ. ಮಕ್ಕಳಿಗೆ ಇಪ್ಪತ್ತು ನಿಮಿಷ, ಅಮ್ಮನಿಗೆ ಕೂತು ಎದ್ದು ಹೋದರೆ ಮುಕ್ಕಾಲು ಗಂಟೆ. ನಿಜ ಹೇಳಬೇಕೆಂದರೆ ಮಂಡಿಗೆ ಕಷ್ಟ ಹತ್ತುವಾಗಲ್ಲ, ಇಳಿಯುವಾಗ. ಒಂದು ಕೋಲು ಕೊಡಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ನಿಧಾನ ಇಳಿಯಲಿ, ಮಕ್ಕಳನ್ನು ಮುಂದೆ ಬಿಟ್ಟು ನೀವು ಅವರ ಪಕ್ಕದಲ್ಲೇ ಇರಿ.

ಈಗ ಮುಖ್ಯವಾದದ್ದು. ಸುಮಾರು ಜನ ಮೇಲೆ ಹೋಗಿ, ಬಸದಿ ನೋಡಿ, ಕೈಮುಗಿದು, ಒಂದು ಫೋಟೊ ತೆಗೆದು ಹಾಗೇ ಇಳಿದುಬಿಡುತ್ತಾರೆ, ಆಮೇಲೆ 'ಕೆರೆ ಎಲ್ಲಿದೆ ಸಾರ್' ಅಂತ ನನ್ನನ್ನೇ ಕೇಳುತ್ತಾರೆ. ಕೆರೆ ಇರುವುದು ಹಿಂದುಗಡೆ! ಬಸದಿಗಳನ್ನು ದಾಟಿ ಬಂಡೆಯ ಮೇಲೆ ಇನ್ನಷ್ಟು ನಡೆಯಿರಿ. ಮೈದಾಳ ಕೆರೆ ಪೂರ್ತಿ ಕಾಣುತ್ತದೆ, ಸುತ್ತ ತೋಟ, ಹೊಲ, ಆಚೆ ಬೆಟ್ಟದ ಸಾಲು. ನನಗೆ ಆ ಬಂಡೆ ಮೇಲೆ ಸುಮ್ನೆ ಕೂರುವುದೇ ಬೆಟ್ಟ ಹತ್ತುವುದಕ್ಕಿಂತ ಇಷ್ಟ. ಮಕ್ಕಳನ್ನು ಮಾತ್ರ ಇಳಿಜಾರಿನ ಕಡೆ ಬಿಡಬೇಡಿ. ಇಬ್ಬನಿ ಬಿದ್ದ ಬಂಡೆ ಜಾರುತ್ತದೆ, ಒಣಗಿದ ಹಾಗೆ ಕಂಡರೂ ಜಾರುತ್ತದೆ.

ಅದಕ್ಕೇ ಸೂರ್ಯೋದಯ ನೋಡುತ್ತೇವೆ ಅಂತ ಕತ್ತಲಲ್ಲಿ ಏಳಬೇಡಿ. ಡಿಸೆಂಬರ್ ಕೊನೆಗೆ ನಮ್ಮ ಕಡೆ ಸೂರ್ಯ ಕಾಣುವುದೇ ಆರೂಮುಕ್ಕಾಲರ ಹೊತ್ತಿಗೆ, ಆಗ ಕೆರೆ ಮೇಲೆ ಮಂಜು ಮಲಗಿರುತ್ತದೆ. ಎಂಟಕ್ಕೆ ಹತ್ತಲು ಶುರು ಮಾಡಿದರೆ ಸಾಕು, ನೀವು ಬಂಡೆ ಸೇರುವಷ್ಟರಲ್ಲಿ ಮಂಜು ಎದ್ದು ನೀರು ಹೊಳೆಯುತ್ತಿರುತ್ತದೆ. ಬಸದಿ ಹೊರಗೇ ಚಪ್ಪಲಿ ಬಿಡಬೇಕು, ಚಳಿಗಾಲದ ಕಲ್ಲು ಕಾಲು ಕೊರೆಯುತ್ತದೆ, ಅಮ್ಮನಿಗೆ ಕಾಲುಚೀಲ ಇರಲಿ. ತಿಂಡಿ ಮಾತ್ರ ಇಳಿದ ಮೇಲೆ. ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ತಟ್ಟೆ ಇಡ್ಲಿ ಬಿಟ್ಟು ಬುತ್ತಿ ಕಟ್ಟಿಕೊಂಡು ಹೋಗುವವರನ್ನು ಏನನ್ನಬೇಕೋ!

ಅಮ್ಮನಿಗೆ ಮೆಟ್ಟಿಲು ಆಗುವುದೇ ಇಲ್ಲ ಅಂದರೆ ದೇವರಾಯನದುರ್ಗ. ಗಾಡಿ ಬಹಳ ದೂರ ಮೇಲಕ್ಕೇ ಹೋಗುತ್ತದೆ. ಭೋಗ ನರಸಿಂಹನ ಗುಡಿ ಕೆಳಗೆ, ಯೋಗ ನರಸಿಂಹನದು ಮೇಲೆ. ಕೆರೆ ಅಷ್ಟಾಗಿ ಇಲ್ಲ, ಆದರೆ ಕಣಿವೆ ನೋಟಕ್ಕೆ ಅದೇ ಸರಿ. ಜಯಮಂಗಲಿ ನದಿ ಹುಟ್ಟುವುದೂ ಆ ಬೆಟ್ಟದಲ್ಲೇ. ಕೋತಿಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ.

ಪ್ರಶ್ನೆ: ಕಳೆದ ಜನವರಿಯಲ್ಲಿ ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೋದೆವು. ಪಕ್ಕದಲ್ಲಿ ನಿಂತವರ ಮುಖವೂ ಕಾಣಲಿಲ್ಲ. ಫೋಟೊಗಳಲ್ಲಿ ಬರುವ ಆ ಮೋಡದ ಸಮುದ್ರ ಎಲ್ಲಿ ಹೋಯಿತು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಎಲ್ಲೂ ಹೋಗಿರಲಿಲ್ಲ, ನೀವು ಅದರೊಳಗೇ ನಿಂತಿದ್ದಿರಿ! ಮೋಡ ಇಲ್ಲದ, ಗಾಳಿ ಇಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ಕಣಿವೆಗೆ ಇಳಿದು ಕೂರುತ್ತದೆ, ಅಲ್ಲಿಯ ತೇವ ಮಂಜಾಗುತ್ತದೆ. ಆ ಮಂಜು ಕೆಳಗೇ ಉಳಿದರೆ ಮೇಲೆ ನಿಂತ ನಿಮಗೆ ಸಮುದ್ರ. ಅದು ದಪ್ಪವಾಗಿ ಮೇಲಕ್ಕೂ ಬಂದರೆ, ಇಲ್ಲವೇ ಮೋಡವೇ ಇಳಿದು 1,478 ಮೀಟರ್ ಎತ್ತರದ ಬೆಟ್ಟವನ್ನು ಮುಚ್ಚಿದರೆ, ಬರೀ ಬಿಳುಪು. ಮುಂದಿನ ಸಲ ಹಾಗಾದರೆ ಬೈದುಕೊಂಡು ಇಳಿಯಬೇಡಿ, ಬಿಸಿಲು ಏರುವವರೆಗೆ ಕಾಯಿರಿ. ಫ್ಲಾಸ್ಕಲ್ಲಿ ಕಾಫಿ ಇದ್ದರೆ ಕಾಯುವುದೂ ಕಷ್ಟವಲ್ಲ.

ಪ್ರಶ್ನೆ: ಕೋಲಾರದ ಹತ್ತಿರ ಇಂಥ ಜಾಗ ಯಾಕಿಲ್ಲ?
– ಓದುಗರೊಬ್ಬರು, ಕೋಲಾರ

ಅಂತರಗಂಗೆಗೆ ಕೊನೆಯ ಸಲ ಹೋಗಿದ್ದು ಶಾಲೆ ಪ್ರವಾಸದಲ್ಲಿ, ಅಲ್ವಾ? ಮೆಟ್ಟಿಲು ಹತ್ತಿ, ಕಲ್ಲುಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿ, ಕಾಶಿ ವಿಶ್ವನಾಥನ ಗುಡಿ ಮುಂದೆ ತಿರುಗಿ ನಿಂತು ಊರನ್ನು ನೋಡಿ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಡುವ ನೀರು, ಕೋಲಾರದ ಕೆರೆಗಳಿಗೆ ಬರುತ್ತಿದೆ, ಆ ನೀರಿನ ಬಗ್ಗೆ ಜಗಳ ಏನೇ ಇರಲಿ, ಮೊದಲು ಒಣಗಿ ಬಿದ್ದಿದ್ದ ಕಡೆ ಈಗ ನೀರು ಮಿನುಗುತ್ತದೆ. ಮೇಲಿನ ಗುಹೆಗಳಿಗೆ ಮಾತ್ರ ದಾರಿ ಗೊತ್ತಿರುವವರ ಜೊತೆಯೇ ಹೋಗಿ. ಬಂಡೆ ಸಂದಿಯಲ್ಲಿ ದಪ್ಪಗಿರುವವರು ಸಿಕ್ಕಿಹಾಕಿಕೊಳ್ಳುತ್ತಾರೆ, ನಾನೇ ಸಾಕ್ಷಿ.