‘7ಬ್ರಿಸ್’ ಅಂದ್ರೆ ಜುಲೈ ಅಲ್ಲ

ಮುತ್ತಜ್ಜನ ಜ್ಞಾನಸ್ನಾನದ (ಬ್ಯಾಪ್ಟಿಸಂ) ಲ್ಯಾಟಿನ್ ದಾಖಲೆಯಲ್ಲಿ ‘7ಬ್ರಿಸ್’ ಅಂತಿದೆ, ಜುಲೈ ಇರಬಹುದಾ ಅಂತ ಕೇಳಿದ್ದೀರಿ. ಅಲ್ಲ, ಅದು ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದರೆ ಏಳು. ಹಳೇ ರೋಮನ್ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು, ಆ ಎಣಿಕೆ ತಿಂಗಳ ಹೆಸರಲ್ಲೇ ಉಳಿದುಬಿಟ್ಟಿದೆ. ಹಾಗೇ 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ನಾನೂ ಇದೇ ಗುಂಡಿಗೆ ಬಿದ್ದು ಒಂದು ಮಗುವನ್ನು ಹುಟ್ಟುವ ಮೊದಲೇ ಚರ್ಚಿಗೆ ಕಳಿಸಿದ್ದೆ!

ಇನ್ನು ‘ಫಿಲಿಯುಸ್ ಯೊವಾನ್ನಿಸ್’, ಅಂದರೆ ‘ಯೊವಾನ್ನೆಸನ ಮಗ’: ಅಪ್ಪನ ಹೆಸರು ಯೊವಾನ್ನಿಸ್ ಅಲ್ಲ, ಯೊವಾನ್ನೆಸ್. ಕೊನೆಯ ‘ಇಸ್’ ನಮ್ಮ ‘ರಾಮನ ಮಗ’ದಲ್ಲಿರುವ ‘ನ’ ಇದ್ದ ಹಾಗೆ, ಷಷ್ಠೀ ವಿಭಕ್ತಿ. ವಂಶವೃಕ್ಷದಲ್ಲಿ ವಿಭಕ್ತಿ ಕಳಚಿ ಬರೆಯಿರಿ.

ಅಜ್ಜಿಯ ಹೆಸರಿನ ಪಕ್ಕದ ‘ರೆಲಿಕ್ಟಾ’ ನೋಡಿ ಗಾಬರಿಯಾಗಬೇಡಿ. ಗಂಡ ಬಿಟ್ಟವಳಲ್ಲ, ಗಂಡ ತೀರಿಕೊಂಡವಳು. ‘ಪಾಟ್ರಿನಿ’ ಅಂದರೆ ಜ್ಞಾನಪೋಷಕರು, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವವರು. ಆ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ, ಎಷ್ಟೋ ಸಲ ಅವರು ಸೋದರಮಾವ, ಅತ್ತೆಯಂದಿರೇ ಆಗಿರುತ್ತಾರೆ.